ಬಿಟ್ಟು ಬಂದ ಟೋಪಿ

ಟೋಪಿಯನ್ನು ಜರ್ಮನಿಯಲ್ಲಿ ಬಿಟ್ಟು ಬಂದವಳು ನಾನೇ. ಉಡುಪಿಯ ಸೆಕೆಯಲ್ಲಿ ಉಣ್ಣೆಯ ಟೋಪಿಗೆ ಏನು ಕೆಲಸ ಎಂದು ಗೆಳತಿಯ ಕಪಾಟಿನಲ್ಲಿಟ್ಟು, ಕೆಲಸದ ಅವಧಿ ಮುಗಿದ ಮೇಲೆ ಮಣಿಪಾಲಕ್ಕೆ ಮರಳಿದ್ದೆ. ಆ ಶನಿವಾರ ಮಧ್ಯಾಹ್ನ ಕಾಪುವಿನ ಕಡಲ ಬದಿಯಲ್ಲಿ ಕುಳಿತು ಗೆಳತಿಯ ವಿಡಿಯೊ ಕಾಲ್ ತೆಗೆದಾಗ ಮೊದಲು ಕಂಡದ್ದು ಅದೇ ಕೆಂಪು ಟೋಪಿ. ಬೇರೊಬ್ಬಳ ತಲೆಯ ಮೇಲಿತ್ತು.

ಗೆಳತಿ ಕಾರ್ಕಳದವಳು. ಜರ್ಮನಿಯಲ್ಲಿ ಕೆಲವು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಪ್ರತಿ ಚಳಿಗಾಲದಲ್ಲಿ ಒಂದು ವಾರಾಂತ್ಯ ರೈಲು ಹತ್ತಿ ಬೆಟ್ಟಕ್ಕೆ ಹೋಗಿ ಹಿಮದ ಇಳಿಜಾರಿನಲ್ಲಿ ಸ್ಕೀ ಮಾಡುವುದು ನಮ್ಮ ಪದ್ಧತಿ. ನಾನು ಊರಿಗೆ ಮರಳಿದ ಮೇಲೆ ನನ್ನ ಕೋಣೆಗೆ ಪಡುಬಿದ್ರಿಯ ಹುಡುಗಿಯೊಬ್ಬಳು ಬಂದಳು. ಕೋಣೆಯನ್ನು ಖಾಲಿ ಇಡುವುದಿಲ್ಲವೆಂದು ಗೊತ್ತಿತ್ತು. ಆ ವಾರಾಂತ್ಯವನ್ನಾದರೂ ಖಾಲಿ ಬಿಟ್ಟಾರು ಎಂದುಕೊಂಡಿದ್ದೆ.

"ಅಕ್ಕಾ, ಕಾಣ್ತಾ ಉಂಟಾ?" ಎಂದಳು ಆ ಹುಡುಗಿ.

ಬಿಸಿಲಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಚೂಡಿದಾರದ ಶಾಲನ್ನು ತಲೆಯ ಮೇಲೆಳೆದು ಫೋನನ್ನೂ ಅದರೊಳಗೆ ಸೇರಿಸಿಕೊಂಡೆ.

"ಟೋಪಿ ಎಲ್ಲಿ ಸಿಕ್ಕಿತು?"

"ಇವಳೇ ಕೊಟ್ಟದ್ದು. ನಿಮ್ಮದಂತೆ ಅಲ್ವಾ? ಭಾರೀ ಬೆಚ್ಚಗೆ ಉಂಟು."

"ಅದು ಸ್ವಲ್ಪ ತುರಿಸುತ್ತದೆ."

"ಇಲ್ಲಪ್ಪ, ನನಗೆ ಎಂತದೂ ಆಗುವುದಿಲ್ಲ."

ನಾನೂ ಗೆಳತಿಯೂ ಒಂದೇ ವಯಸ್ಸಿನವರು. ಆದರೂ ನಾನು 'ಅಕ್ಕ', ಅವಳು 'ಇವಳು'. ಅವರಿಬ್ಬರ ಮಾತು ತುಳುವಿನಲ್ಲಿ. ನನ್ನ ಮನೆಮಾತು ಕನ್ನಡವಾದ್ದರಿಂದ ನನ್ನ ಕಡೆ ತಿರುಗಿದಾಗ ಮಾತ್ರ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದರು, ನೆಂಟರು ಬಂದಾಗ ಬೇರೆ ಲೋಟ ತೆಗೆಯುವ ಹಾಗೆ.

ಗೆಳತಿ ಮುಖ ತೂರಿಸಿದಳು. "ಎಂತ ಮಾರಾಯ್ತಿ, ಶಾಲಿನ ಒಳಗೆ ಅಡಗಿ ಕೂತಿದ್ದಿ? ನಾನು ಮೇಲಿನಿಂದ ಬರ್ತೇನೆ, ಇವಳು ತೋರಿಸ್ತಾಳೆ. ನೋಡು."

"ಮುಂದೆ ಬಾಗಿಕೊಂಡು ಬಾ" ಎಂದೆ.

"ಆಯ್ತು ಟೀಚರೇ" ಎಂದು ನಕ್ಕು, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಕಡೆ ಹೋದಳು.

ಬಾಗು ಎಂದದ್ದಕ್ಕೆ ಕಾರಣವಿತ್ತು. ಅವಳ ಸೋದರಮಾವ ಕಂಬಳದಲ್ಲಿ ಕೋಣ ಓಡಿಸುತ್ತಿದ್ದವರು. ಕೋಣಗಳ ಹಿಂದೆ ಹಗ್ಗ ಹಿಡಿದು ಓಡುವವನು ಹಿಂದಕ್ಕೆ ವಾಲಿಕೊಂಡಿರುತ್ತಾನೆ. ಚಿಕ್ಕಂದಿನಿಂದ ಅದನ್ನೇ ನೋಡಿದ ಅವಳಿಗೆ ವೇಗ ಹೆಚ್ಚಿದಾಗ ಮೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಸ್ಕೀಯಲ್ಲಿ ಹಿಂದಕ್ಕೆ ವಾಲಿದರೆ ಹಿಡಿತ ತಪ್ಪುತ್ತದೆ. ನಾನು ಪ್ರತಿ ವರ್ಷ ಅವಳಿಗಿಂತ ಮೊದಲು ಇಳಿದು, ಕೆಳಗೆ ನಿಂತು, "ಬಾಗು, ಬಾಗು" ಎಂದು ಕೂಗುತ್ತಿದ್ದೆ. ಅದು ನನ್ನ ಕೆಲಸ.

ಈಗ ಕೆಳಗೆ ನಿಂತವಳು ಪಡುಬಿದ್ರಿಯವಳು. ಸ್ಕೀ ಕಟ್ಟಿದ್ದೇ ಆ ದಿನ ಮೊದಲ ಸಲ, ಈಗ ಬಿಚ್ಚಿಟ್ಟು ನಿಂತಿದ್ದಳು.

ನಾನು ಕಂಡಷ್ಟನ್ನೇ ಹೇಳುತ್ತೇನೆ. ಬಿಳಿ ಇಳಿಜಾರಿನಲ್ಲಿ ಒಂದು ನೀಲಿ ಚುಕ್ಕೆ ದೊಡ್ಡದಾಗುತ್ತ ಬಂತು. ಅರ್ಧ ದಾರಿಯವರೆಗೆ ಸರಿಯಾಗಿಯೇ ಬಾಗಿದ್ದಳು. ಆಮೇಲೆ ಭುಜ ಹಿಂದಕ್ಕೆ ಹೋಯಿತು. ಹುಡುಗಿ ಖುಷಿಯಿಂದ ಕೂಗಿದಳು, "ಹಾಂ, ಕಂಬಳ! ಕಂಬಳ!" ಅದನ್ನು ಕೇಳಿದ ಗೆಳತಿ ಒಂದು ಕೈಯನ್ನು ಹಗ್ಗ ಹಿಡಿದವಳಂತೆ ಎತ್ತಿ ತೋರಿಸಿ, ಇನ್ನಷ್ಟು ವಾಲಿದಳು.

"ಬಾಗು!" ಎಂದು ನಾನು ಚೀರಿದೆ. ಪಕ್ಕದಲ್ಲಿ ಚುರುಮುರಿ ತಿನ್ನುತ್ತಿದ್ದವರು ತಿರುಗಿ ನೋಡಿದರು.

ಎಡಗಾಲಿನ ಸ್ಕೀ ಅಡ್ಡ ತಿರುಗಿತು. ಅವಳು ಒಮ್ಮೆ ಮಗುಚಿದಳು, ಮತ್ತೊಮ್ಮೆ ಮಗುಚಿದಳು. ಆಮೇಲೆ ಪರದೆಯಲ್ಲಿ ಹಿಮ, ಆಕಾಶ, ಹಿಮ. ಓಡುತ್ತಿದ್ದ ಹುಡುಗಿಯ ಕೈಯಿಂದ ಫೋನು ಬಿದ್ದಿತ್ತು. "ಅಪ್ಪೇ" ಎಂಬ ಗೆಳತಿಯ ದನಿ ಕೇಳಿತು. ತುಳುವಿನಲ್ಲಿ ತಾಯಿಯನ್ನು ಕರೆಯುವ ಮಾತು ಅದು.

ಫೋನು ಮತ್ತೆ ಎದ್ದಾಗ ಹುಡುಗಿಯ ಮುಖ ಅಳುತ್ತಿತ್ತು. "ಅಕ್ಕಾ, ಎಂತ ಮಾಡುವುದು?"

ನನಗೆ ಗೊತ್ತಿತ್ತು. "ಎರಡೂ ಸ್ಕೀಗಳನ್ನು ಅವಳಿಗಿಂತ ಮೇಲೆ ಅಡ್ಡಡ್ಡ ನೆಡು, ಬರುವವರಿಗೆ ಕಾಣಲಿ. ಬೂಟು ಬಿಚ್ಚಬೇಡ. ಲಿಫ್ಟಿನವರನ್ನು ಕೂಗು." ಅಷ್ಟು ದೂರದಿಂದ ಗೆಳತಿಗೆ ಬೇಕಾದವಳು ಈಗಲೂ ನಾನೇ ಎಂಬ ಒಂದು ಬಿಸಿ ನನ್ನೊಳಗೆ ಎದ್ದದ್ದು ನಿಜ. ನಾನು ಹೇಳಿದ್ದನ್ನೆಲ್ಲ ಹುಡುಗಿ ಮಾಡಿದಳು. ನಾನು ಇನ್ನೂ ಹೇಳುತ್ತಲೇ ಇದ್ದೆ.

ಆಗ ಗೆಳತಿಯ ದನಿ ಬಂತು. ತುಳುವಲ್ಲ, ಕನ್ನಡ. ನನಗೂ ಕೇಳಲಿ ಎಂದೋ ಏನೋ.

"ಅವಳ ಹತ್ತಿರ ಆಮೇಲೆ ಮಾತಾಡುವ. ಫೋನ್ ಇಡು ಮಾರಾಯ್ತಿ, ನನ್ನ ಕೈ ಹಿಡಿ."

ಪರದೆ ಕತ್ತಲಾಯಿತು. ಫೋನು ಹುಡುಗಿಯ ಕಿಸೆಗೆ ಹೋಗಿತ್ತು. ಬಟ್ಟೆ ಉಜ್ಜುವ ಸದ್ದು, ದೂರದಲ್ಲಿ ಗಂಡಸರ ದನಿಗಳು, ತುಳುವಿನಲ್ಲಿ ಸಮಾಧಾನದ ಮಾತು. ನಾನು ಫೋನ್ ಕಟ್ ಮಾಡಲಿಲ್ಲ. ಶಾಲಿನೊಳಗೆ ಬಗ್ಗಿ ಕುಳಿತು, ಬೇರೊಬ್ಬಳ ಕೈಯನ್ನು ಅವಳು ಹಿಡಿದುಕೊಂಡಿರುವುದನ್ನು ಕೇಳುತ್ತಿದ್ದೆ. ಕೊನೆಗೆ ಕರೆ ತಾನಾಗಿಯೇ ನಿಂತಿತು.

ಸಂಜೆ ಮಣಿಪಾಲಕ್ಕೆ ಬಸ್ಸಿನಲ್ಲಿ ಬರುವಾಗ ಹುಡುಗಿಯ ಸಂದೇಶ ಬಂತು. ಮೊಣಕಾಲಿನ ಕೆಳಗೆ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ, ಮಲಗಿದ್ದಾಳೆ. "ನೀವು ಹೇಳಿಕೊಟ್ಟದ್ದು ಒಳ್ಳೆಯದಾಯ್ತು ಅಕ್ಕಾ. ಟೋಪಿಯನ್ನು ಅವಳ ತಲೆಯ ಅಡಿಗೆ ಇಟ್ಟಿದ್ದೆ, ಅದರ ಮೇಲೆ ವಾಂತಿ ಆಯ್ತು. ತೊಳೆದು ಇಡ್ತೇನೆ."

'ಅದು ನಿನಗೇ ಇರಲಿ' ಎಂದು ಬರೆದೆ. ಕಳುಹಿಸದೆ ಅಳಿಸಿದೆ. ಉಡುಪಿ ದಾಟುವವರೆಗೂ ಫೋನು ಕೈಯಲ್ಲೇ ಇತ್ತು. ಆಮೇಲೆ ಬರೆದು ಕಳುಹಿಸಿದೆ:

"ತಣ್ಣೀರಿನಲ್ಲಿ ತೊಳಿ. ಬಿಸಿನೀರು ಹಾಕಿದರೆ ಕುಗ್ಗುತ್ತದೆ. ಮತ್ತೆ ನನ್ನ ತಲೆಗೆ ಹಿಡಿಸುವುದಿಲ್ಲ."