ವಕೀಲ ಬಾಯಿ

ಸಿಂದಗಿಯ ಶಾಲೆಯೊಂದರಲ್ಲಿ ನಾನು ಮೂವತ್ತು ವರ್ಷ ಕನ್ನಡ ಕಲಿಸಿದವಳು. ನಮ್ಮ ಕಡೆ ಶಿಕ್ಷಕಿಯನ್ನು, ಡಾಕ್ಟರನ್ನು, ಓದಿದ ಯಾವ ಹೆಂಗಸನ್ನೂ ಮರ್ಯಾದೆಯಿಂದ 'ಬಾಯಿ' ಎನ್ನುತ್ತೇವೆ. ಎದುರಿಗೆ ಕರೆಯುವಾಗ 'ಬಾಯಾರ'. ಮರಾಠಿಯಿಂದ ಬಂದು ಇಲ್ಲೇ ಮನೆ ಮಾಡಿಕೊಂಡ ಮಾತು.

ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಸಂಸ್ಥೆಯೊಂದರ ಫೇಸ್‌ಬುಕ್ ಪುಟವನ್ನು ದಿನಾ ನೋಡುತ್ತೇನೆ. ಒಮ್ಮೆ ಅಲ್ಲಿನ ವಿಡಿಯೋ ಒಂದರಲ್ಲಿ ಒಬ್ಬ ವಕೀಲೆ, ತವರಿನ ಹೊಲದಲ್ಲಿ ಹೆಣ್ಣುಮಕ್ಕಳಿಗಿರುವ ಪಾಲಿನ ಬಗ್ಗೆ ಎಷ್ಟು ಖಡಕ್ಕಾಗಿ ಹೇಳಿದರೆಂದರೆ, ಖುಷಿ ತಡೆಯದೆ ಕೆಳಗೆ ಬರೆದೆ: 'ಈ ವಕೀಲ ಬಾಯಿ ಭಾಳ ಜೋರ್ ಅದಾರ್ರಿ!'

ಹತ್ತೇ ನಿಮಿಷಕ್ಕೆ ಪುಟ ನೋಡಿಕೊಳ್ಳುವವರ ಉತ್ತರ ಬಂತು: 'ದಯವಿಟ್ಟು ಗೌರವದಿಂದ ಬರೆಯಿರಿ. ನಮ್ಮ ವಕೀಲರ ಬಾಯಿಯ ಬಗ್ಗೆ ಟೀಕೆ ಬೇಡ.'

ನನಗೆ ಪಿತ್ತ ನೆತ್ತಿಗೇರಿತು. ಮರ್ಯಾದೆ ಕಲಿಸುವುದು ನನಗೇ? ಸರಿಯಾಗಿ ಝಾಡಿಸಿ ನಾಲ್ಕು ಸಾಲು ಟೈಪು ಮಾಡಿದೆ. ಕಳಿಸುವ ಮೊದಲು ಅವರ ಉತ್ತರವನ್ನು ಇನ್ನೊಮ್ಮೆ ಓದಿದಾಗ ಹೊಳೆಯಿತು: ಮೈಸೂರು ಕಡೆಯವರಿರಬೇಕು, 'ಬಾಯಿ ಜೋರು' ಎಂದರೆ ಜಗಳಗಂಟಿ ಎಂದೇ ಓದಿಕೊಂಡಿದ್ದಾರೆ. ಒಬ್ಬಳೇ ಕೂತು ನಕ್ಕೆ. ಬೈದದ್ದನ್ನು ಅಳಿಸಿ, ಮಕ್ಕಳಿಗೆ ಹೇಳಿದಂತೆ 'ಬಾಯಿ'ಯ ಅರ್ಥ ಬಿಡಿಸಿ ಬರೆದೆ.

'ಕ್ಷಮಿಸಿ, ಬಾಯಿ ಅವರೇ' ಎಂದು ಬಂತು.

'ಹಂಗಲ್ಲ, ಬಾಯಾರ ಅನ್ಬೇಕು' ಎಂದು ತಿದ್ದಿದೆ.

'ತಪ್ಪಾಯ್ತ್ರಿ, ಬಾಯಾರ.'

ಆ 'ರಿ'ಯನ್ನು ನಾನು ಹೇಳಿಕೊಟ್ಟಿರಲಿಲ್ಲ.