ನನ್ನ ಮೂಗಿನ ವರದಿ

ನನ್ನ ಮೂಗು ನನಗಿಂತ ಮೊದಲೇ ಕಂಡವರ ಮನೆಯೊಳಗೆ ಹೋಗಿಬಿಡುತ್ತದೆ. ಉಡುಪಿ ಕಡೆಯ ಹೋಟೆಲಿನವರ ಮನೆಯಲ್ಲಿ, ಇಂಗು ಒಗ್ಗರಣೆಯ ನಡುವೆ ಬೆಳೆದ ಮೂಗು ಅದು. ಮದುವೆಯಾಗಿ ಕೋಲ್ಕತ್ತಕ್ಕೆ ಬಂದು ಇಷ್ಟು ವರ್ಷವಾದರೂ ಮೀನಿನ ಅಂಗಡಿ ಕಂಡರೆ ರಸ್ತೆ ದಾಟುತ್ತದೆ. ದಾಟಲಿ, ಅದರ ಪಾಡಿಗೆ ಅದು. ಆದರೆ ನನ್ನ ಕೆಲಸ ಮಕ್ಕಳ ಕಲ್ಯಾಣದ್ದು: ಆಶ್ರಯಧಾಮದಲ್ಲಿರುವ ಮಗುವನ್ನು ಮನೆಗೆ ಕಳಿಸಬಹುದೇ ಎಂದು ಆ ಮನೆಗೇ ಹೋಗಿ ನೋಡಿ, ಸಮಿತಿಗೆ ವರದಿ ಬರೆಯುವುದು. ನೋಡಿ ಬರೆಯಬೇಕು, ಮೂಸಿ ಅಲ್ಲ.

ಟುಂಪಾ ಎಂಟು ವರ್ಷದ ಹುಡುಗಿ. ಗಂಡ ಬಿಟ್ಟುಹೋದ ಅವಳ ಅಮ್ಮ ಮಾಲತಿ ರಾತ್ರಿ ಪಾಳಿಯಲ್ಲಿ ಸಾಲ್ಟ್ ಲೇಕ್ ಬಡಾವಣೆಯ ಸಾಫ್ಟ್‌ವೇರ್ ಕಚೇರಿಯೊಂದರ ನೆಲ ಒರೆಸುತ್ತಿದ್ದಳು. ಅಲ್ಲಿ ನೋಡನೋಡುತ್ತಲೇ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಒಂದು ರಾತ್ರಿ ಒಬ್ಬಳೇ ಇದ್ದ ಟುಂಪಾ ಹೆದರಿ ಬೀದಿಗೆ ಬಂದಳು, ಪೊಲೀಸರ ಕೈಗೆ ಸಿಕ್ಕಳು, ಧಾಮ ಸೇರಿದಳು. ಅಮ್ಮನಿಗೆ ಮಗಳು ಬೇಕು, ಮಗಳಿಗೆ ಅಮ್ಮ ಬೇಕು. ನಡುವೆ ನಾನು ಮತ್ತು ನನ್ನ ಮೂಗು.

ಕಾಳಿಘಾಟಿನ ಗಲ್ಲಿಯಲ್ಲಿದ್ದ ಮಾಲತಿಯ ಕೋಣೆಗೆ ಹೋದ ದಿನ ಒಲೆಯ ಮೇಲೆ ಒಣಮೀನು. ಬಾಗಿಲಲ್ಲೇ ನಿಂತು, ಸೆರಗನ್ನು ಮುಖದ ಹತ್ತಿರ ಹಿಡಿದು, ಟೀ ಬೇಡವೆಂದು ಹೇಳಿ ಹೊರಟುಬಂದೆ. ‘ಮನೆ ಶುಚಿಯಾಗಿಲ್ಲ, ಸದ್ಯಕ್ಕೆ ಮಗುವನ್ನು ಕಳಿಸುವುದು ಬೇಡ’ ಎಂದು ಬರೆದೆ.

ನಮ್ಮ ಕಚೇರಿಯಲ್ಲಿ ಆಗ ಹೊಸ ಪದ್ಧತಿ. ವರದಿ ಸಮಿತಿಗೆ ಹೋಗುವ ಮೊದಲು ಎಲ್ಲರೂ ಸುತ್ತ ಕೂತು, ‘ನನಗೆ ಹಾಗೇಕೆ ಅನ್ನಿಸಿತು’ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಇದರ ಹೆಸರು ವಿಮರ್ಶಾತ್ಮಕ ಆತ್ಮಾವಲೋಕನ. ಇಷ್ಟುದ್ದದ ಹೆಸರಿಗೆ ಹೆದರದೆ ಜನ ಬರುತ್ತಿದ್ದುದು ಬಿಸಿ ಸಿಂಗಾಡಕ್ಕಾಗಿ, ಅಂದರೆ ಇಲ್ಲಿನ ಸಮೋಸಕ್ಕಾಗಿ, ಎಂದೇ ನನ್ನ ನಂಬಿಕೆ. ಹಿರಿಯ ಸಹೋದ್ಯೋಗಿ ಶಿಖಾದೀದಿ ಸಿಂಗಾಡ ಮುರಿಯುತ್ತ, "ಆ ಮನೇಲಿ ಕೊಳೆ ಇದ್ದದ್ದು ಎಲ್ಲಿ?" ಎಂದು ಕೇಳಿದರು. ನೆಲ? ಹೊಳೆಯುತ್ತಿತ್ತು. ಪಾತ್ರೆ? ತೊಳೆದು ಬೋರಲು ಹಾಕಿತ್ತು. ಹಾಸಿಗೆ? ಮಡಿಸಿತ್ತು. ಊರೆಲ್ಲ ಬೆರಗಾಗಿ ನೋಡುವ ಕಚೇರಿಯನ್ನು ಥಳಥಳ ಹೊಳೆಸುವ ಹೆಂಗಸಿಗೆ ನಾನು ಶುಚಿಯಿಲ್ಲ ಎಂದಿದ್ದೆ! ನಾಚಿಕೆಯಾಯಿತು. ಕೈಯಲ್ಲಿದ್ದ ಸಿಂಗಾಡ ಕೆಳಗಿಟ್ಟು ವರದಿಯನ್ನು ವಾಪಸು ತೆಗೆದುಕೊಂಡೆ.

ಅಲ್ಲಿಂದ ಶುರುವಾಯಿತು ತಳಮಳ. ಮನೆಯಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

"ಎಂತ ಆಯ್ತು ಮಾರಾಯ್ತಿ, ಒಂದು ಕಡೆ ಕೂತ್ಕೊ. ತಪ್ಪು ಗೊತ್ತಾಯ್ತಲ್ಲ, ತಿದ್ದಿದ್ರೆ ಆಯ್ತು" ಎಂದರು ರೈಲ್ವೆಯಲ್ಲಿರುವ ನನ್ನ ಗಂಡ. ಅವರಿಗೆ ಎಲ್ಲವೂ ಹಳಿ ಬದಲಿಸಿದಷ್ಟೇ ಸಲೀಸು. ನನಗೋ ಈಗ ಬೇರೆಯೇ ಹೆದರಿಕೆ. ಮೂಗಿನ ಮೇಲಿನ ಸಿಟ್ಟಿನಲ್ಲಿ ‘ಕಳಿಸಿ’ ಎಂದು ಬರೆದು, ಮಗು ಮತ್ತೆ ರಾತ್ರಿ ಒಬ್ಬಳೇ ಆದರೆ? ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಅದನ್ನೇ ಕೇಳದೆ ಬಂದಿದ್ದೆ.

ಮತ್ತೆ ಹೋದೆ. ಈ ಸಲ ಕೋಣೆಯ ತುಂಬ ಫಿನಾಯಿಲ್, ಊದುಬತ್ತಿಯ ವಾಸನೆ. ಟುಂಪಾ ಬಂದರೆ ರಾತ್ರಿ ಜೊತೆಗೆ ಯಾರು ಎಂದು ಕೇಳಿದೆ.

"ನಾನೇ ದೀದಿ. ಹಗಲು ಪಾಳಿ ಕೇಳಿ ತಗೊಂಡಿದೀನಿ. ಸ್ಕೂಲು ಬಿಟ್ಮೇಲೆ ನಾನು ಬರೋ ತನಕ ಮೇಲಿನ ಮನೆ ಕಾಕಿಮಾ ನೋಡ್ಕೋತಾರೆ" ಎಂದಳು ಮಾಲತಿ. ಊದುಬತ್ತಿಯ ಬೂದಿ ಒರೆಸುತ್ತ, "ಹೋದ ಸಲಾನೇ ಹೇಳ್ತಿದ್ದೆ. ನೀವು ನಿಲ್ಲಲೇ ಇಲ್ಲ" ಎಂದಳು.

ಮಹಡಿ ಹತ್ತಿ, ಎಲ್ಲರಿಗೂ ಚಿಕ್ಕಮ್ಮನಂತಿದ್ದ ಆ ಕಾಕಿಮಾರನ್ನು ಕೇಳಿದೆ, ಮಾಲತಿಯ ಮೇಲ್ವಿಚಾರಕರನ್ನೂ ಕೇಳಿದೆ. ನಿಜವೇ ಆಗಿತ್ತು. ವರದಿ ಬದಲಾಯಿತು, ಸಮಿತಿ ಒಪ್ಪಿತು.

ಟುಂಪಾ ಮನೆ ಸೇರಿದ ಮೇಲೆ ಒಮ್ಮೆ ನೋಡಿಬರಲು ಹೋದೆ. ಗಲ್ಲಿಯ ತಿರುವಿನಲ್ಲೇ ಒಣಮೀನು ಎದುರುಗೊಂಡಿತು. ಮೂಗು ತನ್ನ ಹಳೆಯ ಅಭಿಪ್ರಾಯಕ್ಕೇ ಅಂಟಿಕೊಂಡಿತ್ತು. ಆತ್ಮಾವಲೋಕನ ಅಲ್ಲಿಯವರೆಗೆ ತಲುಪುವುದಿಲ್ಲವೆಂದು ಕಾಣುತ್ತದೆ. ಬಾಗಿಲು ತೆರೆದ ಟುಂಪಾ ನನ್ನ ಮುಖ ನೋಡಿದ್ದೇ ಒಳಕ್ಕೆ ತಿರುಗಿ ಕೂಗಿದಳು: "ಮಾ, ಮೂಗು ದೀದಿ ಬಂದ್ರು! ಬೇಗ ಬಾಣಲೆ ಮುಚ್ಚು!"

ನೋಡಿ ವರದಿ ಬರೆಯುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ನನ್ನ ಬಗ್ಗೆ ಒಂದು ವರದಿ ಆ ಮನೆಯಲ್ಲಿ ಎಂದೋ ತಯಾರಾಗಿತ್ತು. ನಾನು ಬರೆದದ್ದಕ್ಕಿಂತ ಚಿಕ್ಕದು, ತಿದ್ದುವಂಥದ್ದು ಏನೂ ಇರಲಿಲ್ಲ.

"ಮುಚ್ಚಬೇಡ ಮಾಲತಿ" ಎಂದೆ. ಒಳಗೆ ಹೋಗಿ, ಒಲೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಟೀ ಕೇಳಿದೆ.