ಗಾಳಿರಾಟೆಯ ಕಡೆಗೆ ನಂಜಮ್ಮಜ್ಜಿ

ಮುದ್ದೆ ತೊಳಸುತ್ತಿರಲಿ, ನೆಂಟರಿಗೆ ಬಡಿಸುತ್ತಿರಲಿ, ನಂಜಮ್ಮಜ್ಜಿ ಇದ್ದಕ್ಕಿದ್ದಂತೆ ಕತ್ತೆತ್ತಿ ಕಿವಿಗೊಡುತ್ತಿದ್ದರು. "ಬಂದೆ ಕಣೇ, ಇರು" ಎಂದು ಅಂಗಳ ದಾಟಿದರೆ ಮತ್ತೆ ಮರಳುವುದು ಯಾವಾಗಲೋ. ಕರೆದವರು ಯಾರೂ ಇರುತ್ತಿರಲಿಲ್ಲ. ಸೊಸೆ ಏನೂ ಕೇಳದೆ ಬಂದು ಅವರು ಬಿಟ್ಟ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ದುದ್ದದ ಶಾಲೆಗೆ ಟೀಚರಾಗಿ ಬಂದ ನಾನು ಆ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂದು ಭಾನುವಾರ ಮಧ್ಯಾಹ್ನ ಹಾಸನದ ಬಸ್ಸು ತಪ್ಪಿ ಜಗಲಿಯಲ್ಲಿ ಕೂತಿದ್ದಾಗ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹೊರಬಂದರು.

"ಸುಮ್ಕೆ ಕುಂತಿದ್ದೀಯಲ್ಲ ಟೀಚರಮ್ಮ. ನಡಿ, ಗಾಳಿರಾಟೆ ತಂಕ ಓಗ್ಬರಾನ."

ಕೊಯ್ಲಾದ ರಾಗಿ ಹೊಲದ ಕೂಳೆ ತುಳಿಯುತ್ತ ನಡೆದೆವು. ತೆಂಗಿನ ಸಾಲು ಮುಗಿದಲ್ಲಿ ಅದು ಕಂಡಿತು. ಅಜ್ಜಿಯ ತಾತ ಬಾವಿಯ ನೀರೆತ್ತಲು ನಿಲ್ಲಿಸಿದ್ದ ಕಬ್ಬಿಣದ ಗೋಪುರ, ತುದಿಯಲ್ಲಿ ತುಕ್ಕು ಹಿಡಿದ ಚಕ್ರ. ಆಗೆಲ್ಲ ಅದನ್ನು ನೋಡಲೆಂದೇ ಚನ್ನರಾಯಪಟ್ಟಣದಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಈಗ ಉಳಿದಿದ್ದು ನಾಲ್ಕಾರು ರೆಕ್ಕೆ.

ಅಜ್ಜಿ ಬಾವಿಕಟ್ಟೆಗೆ ಕೈಯೂರಿ ಬಗ್ಗಿದರು. "ಲೇ ಗೌರಿ, ಬಂದಿವ್ನಿ ಕಣೇ."

"ಗೌರಿ ಯಾರಜ್ಜಿ?"

"ನನ್ ತಂಗಿ ಕಣವ್ವ. ಮದ್ವೆ ನಾಳೀಕೆ ಅನ್ನಂಗೆ ಬಟ್ಟೆ ಒಗೆಯಕ್ಕೆ ಇಲ್ಲಿಗೆ ಬಂದ್ಲು. ಅಕ್ಕಾ ನೀನೂ ಬಾ ಅಂದ್ಲು. ಇಟ್ಟು ರುಬ್ಬೋದಿತ್ತು, ನೀನು ಓಗಿರು, ಬತ್ತೀನಿ ಅಂದೆ. ಬಂದು ನೋಡುದ್ರೆ ಒಗೆದ ಬಟ್ಟೆ ಕಲ್ಮೇಲೆ ಅಂಗೇ ಅವೆ, ಅವಳಿಲ್ಲ. ಬಾವಿ ನೀರೆಲ್ಲಾ ತೋಡುಸುದ್ರು, ಅಲ್ಲೂ ಇಲ್ಲ. ರಾಟೆ ಮಾತ್ರ ಕಿರ್ರಂತ ಸುತ್ತುತಿತ್ತು. ಅವತ್ತಿಂದ ಅದು ಕಿರ್ರಂದ್ರೆ ಅವಳು ಕರ್ದಂಗೇಯ. ಸತ್ಲು ಅಂತ ತಿಥಿ ಮಾಡಕ್ಕೂ ನಮ್ಮವ್ವ ಬುಡ್ನಿಲ್ಲ."

ಊರೊಳಗಿನ ಮನೆಗೆ ಕೇಳುವಷ್ಟು ಹತ್ತಿರದಲ್ಲಿರಲಿಲ್ಲ ಆ ರಾಟೆ. ಬಿಸಿಲು ಕಾಯುತ್ತಿತ್ತು. ತೆಂಗಿನ ಗರಿಯೊಂದೂ ಅಲುಗುತ್ತಿರಲಿಲ್ಲ. ಆದರೂ ಮೇಲೆ ಚಕ್ರ ನಿಧಾನಕ್ಕೆ ಒಂದು ಸುತ್ತು ತಿರುಗಿತು. ಅಜ್ಜಿಗೆ ಅದೇನೂ ಹೊಸದಲ್ಲ. ಕಟ್ಟೆಗೊರಗಿ ಕೂತು ಎಮ್ಮೆ ಈದದ್ದು, ಮೊಮ್ಮಗಳು ಮೈನೆರೆದದ್ದು, ಎಲ್ಲವನ್ನೂ ಬಾವಿಗೆ ಹೇಳಿದರು. ನಾನು ಅವರ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ.

ಮುಂದಿನ ವರ್ಷ ಆ ಹೊಲ ಕೊಂಡವರು ಬಾವಿ ಮುಚ್ಚಿಸಿ, ಗೋಪುರವನ್ನು ಗುಜರಿಗೆ ಹಾಕಿದರು. ಲಾರಿ ಮನೆ ಮುಂದೆಯೇ ಹೋಯಿತು. ಅಜ್ಜಿ ನೋಡುತ್ತ ನಿಂತರು. ಆ ಮಹಾಲಯ ಅಮಾವಾಸ್ಯೆಗೆ ಮಗನಿಗೆ ಹೇಳಿ ಗೌರಿಯ ಹೆಸರಲ್ಲಿ ಎಡೆ ಇಡಿಸಿದರು. ಹೊಸ ಸೀರೆ, ಹಸಿರು ಬಳೆ. ಧೂಪ ಹಾಕುವಾಗಲೂ ಅವರ ಕಣ್ಣು ಒದ್ದೆಯಾಗಲಿಲ್ಲ.

ಅಷ್ಟರಲ್ಲಿ ನನಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ಹೇಳಿ ಹೋಗಲೆಂದು ಒಳಗೆ ಹೋದೆ.

"ಈಗ ನೆಮ್ಮದಿನಾ ಅಜ್ಜಿ?"

ಅವರು ನನ್ನ ಮುಖವನ್ನೇ ನೋಡಿದರು. "ಅವ್ಳು ಕರೀತಿದ್ಲು, ನಾನು ಓಗ್ತಿದ್ದೆ. ಎಲ್ಲೋ ಒಂದ್ಕಡೆ ಬದುಕವ್ಳೆ ಅನ್ಕೊಂಡಿದ್ದೆ ಕಣವ್ವ. ಎಡೆ ಇಟ್ಟು ನಾನೇ ಅವ್ಳನ್ನ ಸಾಯಿಸ್ಬುಟ್ಟೆ."

ಹಾಗೆಂದವರೇ ಮಗುವಿನಂತೆ ಅತ್ತರು. ಸೊಸೆ ಓಡಿಬಂದು ಅವರ ತಲೆಯನ್ನು ಎದೆಗೊತ್ತಿಕೊಂಡಳು.

ಕಾರ್ತಿಕ ಕಳೆಯುವ ಮೊದಲೇ ಅಜ್ಜಿಯೂ ಹೋದರೆಂಬ ಸುದ್ದಿ ಹೊಳೆನರಸೀಪುರಕ್ಕೆ ಬಂತು.